ಎಸ್‌ಎಸ್‌ಪಿ ವಿದ್ಯಾರ್ಥಿವೇತನ: ಅರ್ಹತೆ ಇದ್ದೂ ಯಾಕೆ ತಪ್ಪಿಹೋಗುತ್ತದೆ?

ವರದಾತೀರ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಈ ವರ್ಷ ಬಿ.ಎಸ್ಸಿ. ಸೇರಿದ್ದಾನೆ. ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ, ಕಾಲೇಜು ಧಾರವಾಡದಲ್ಲಿ. ನಾವು 2ಎ. ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದ, ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಈಗ ಗೆಳೆಯರ ಜೊತೆ ರೂಮಿನಲ್ಲಿ ಇದ್ದಾನೆ. ಅಪ್ಪ ಎರಡು ಎಕರೆಯಲ್ಲಿ ಗೋವಿನಜೋಳ ಹಾಕುತ್ತಾರೆ. ಉತಾರ (ಪಹಣಿ) ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ಅಜ್ಜ ತೀರಿಕೊಂಡು ತುಂಬಾ ವರ್ಷ ಆಯ್ತು. ಅವ್ವ ಕೂಲಿಗೆ ಹೋಗುತ್ತಾಳೆ.

ನನ್ನ ಪ್ರಶ್ನೆ ಇಷ್ಟೇ. ಇವನಿಗೆ ಯಾವ ಯಾವ ಸ್ಕಾಲರ್‌ಶಿಪ್ ಸಿಗಬಹುದು? ವಿದ್ಯಾಸಿರಿ ಅಂತಾರೆ, ರೈತ ವಿದ್ಯಾನಿಧಿ ಅಂತಾರೆ, ಫೀ ವಾಪಸ್ ಬರುತ್ತೆ ಅಂತಾರೆ. ಸೈಬರ್ ಸೆಂಟರ್‌ನವರನ್ನು ಕೇಳಿದರೆ "ಎಲ್ಲಾ ಒಂದೇ ಅರ್ಜಿ, ಬಂದರೆ ಬರುತ್ತೆ" ಅಂದರು. ನಮ್ಮ ಓಣಿಯ ಹುಡುಗಿಗೆ ಹೋದ ವರ್ಷ ಅರ್ಜಿಯೇ ರಿಜೆಕ್ಟ್ ಆಯ್ತು. ಅವರ ಮನೆ ನಮಗಿಂತ ಬಡವರದು. ಹಾಗಾದರೆ ನಿಯಮ ನಿಜವಾಗಿ ಏನು ನೋಡುತ್ತದೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಮಲೆನಾಡ ಹುಡುಗಿ:
ನಂದೂ ಇದೇ ಪ್ರಶ್ನೆ. ಫಾಲೋ ಮಾಡ್ತಿದ್ದೀನಿ.

ಸೆಕ್ಷನ್ ಟೇಬಲ್:
ತಂಗಿ, ನಾನು ಒಂದು ಪದವಿ ಕಾಲೇಜಿನ ಕಚೇರಿಯಲ್ಲಿ ಸ್ಕಾಲರ್‌ಶಿಪ್ ಸೆಕ್ಷನ್ ನೋಡುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಬರೀ ಬಾಗಿಲು. ಒಳಗೆ ಹಣ ಕೊಡುವವರು ಬೇರೆ ಬೇರೆ ಇಲಾಖೆಗಳು. ಪರಿಶಿಷ್ಟ ಜಾತಿಯವರಿಗೆ ಸಮಾಜ ಕಲ್ಯಾಣ ಇಲಾಖೆ, ಪರಿಶಿಷ್ಟ ಪಂಗಡಕ್ಕೆ ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆ, ಪ್ರವರ್ಗ-1, 2ಎ, 3ಎ, 3ಬಿ ಇದ್ದವರಿಗೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಅಂದರೆ ನಾವೆಲ್ಲ ಬಿಸಿಎಂ ಆಫೀಸು ಅನ್ನುವುದು. ಅಲ್ಪಸಂಖ್ಯಾತರಿಗೆ ಅವರದೇ ಇಲಾಖೆ. ರೈತರ ಮಕ್ಕಳ ಹಣ ಕೃಷಿ ಇಲಾಖೆಯದು, ಕಟ್ಟಡ ಕಾರ್ಮಿಕರ ಮಕ್ಕಳದು ಕಾರ್ಮಿಕ ಇಲಾಖೆಯ ಕಡೆಯದು. ಅರ್ಜಿ ಒಂದೇ ಇರಬಹುದು, ಅರ್ಹತೆ ನೋಡುವ ಕಣ್ಣು ಒಂದಲ್ಲ. ಹಾಗಾಗಿ "ನನ್ನ ಅರ್ಜಿ ಏನಾಯ್ತು" ಅಂತ ಕೇಳುವ ಮೊದಲು "ಯಾವ ಇಲಾಖೆಯಲ್ಲಿ ಏನಾಯ್ತು" ಅಂತ ಕೇಳಬೇಕು.

ನಿಮ್ಮ ತಮ್ಮನ ಅರ್ಜಿ ಬಿಸಿಎಂಗೆ ಹೋಗುತ್ತೆ. ಅಲ್ಲಿ ಮೊದಲ ಗೋಡೆ ಆದಾಯ ಮಿತಿ. ಬಹಳ ವರ್ಷ ಪ್ರವರ್ಗ-1ಕ್ಕೆ 2.5 ಲಕ್ಷ, 2ಎ, 3ಎ, 3ಬಿಗೆ 1 ಲಕ್ಷ ಅಂತ ನಡೆದುಕೊಂಡು ಬಂದಿದೆ. ಪ್ರತಿ ವರ್ಷ ಅರ್ಜಿ ಕರೆಯುವಾಗ ಇಲಾಖೆ ಸುತ್ತೋಲೆ ಹೊರಡಿಸುತ್ತೆ, ಯೋಜನೆವಾರು ಮಿತಿ ಅದರಲ್ಲೇ ಇರುತ್ತೆ. ವಾಟ್ಸಾಪ್‌ನಲ್ಲಿ ಓಡಾಡುವ ಹಳೇ ಚಿತ್ರ ನೋಡಿ "ನಮಗಿಲ್ಲ" ಅಂತ ಕೂರಬೇಡಿ. ಆ ವರ್ಷದ ಸುತ್ತೋಲೆಯನ್ನೇ ಓದಿ.

ಎರಡನೇ ವಿಷಯ, ಆ ಆದಾಯವನ್ನು ಯಾರೂ ನಿಮ್ಮ ಮನೆಗೆ ಬಂದು ಅಳೆಯುವುದಿಲ್ಲ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತಲ್ಲ, ಅದನ್ನು ಹಾಕಿದ ತಕ್ಷಣ ಪೋರ್ಟಲ್ ನೇರ ಅಲ್ಲಿಂದ ಹೆಸರು, ಜಾತಿ, ಆದಾಯ ಎಳೆದುಕೊಳ್ಳುತ್ತೆ. ಅಲ್ಲಿ ಏನಿದೆಯೋ ಅದೇ ಸತ್ಯ. ಆದಾಯದ ಪ್ರಮಾಣಪತ್ರ 5 ವರ್ಷಕ್ಕೆ ಮುಗಿಯುತ್ತೆ. ಹೈಸ್ಕೂಲಿನಲ್ಲಿ ಮಾಡಿಸಿದ್ದನ್ನು ಡಿಗ್ರಿಗೆ ತಂದವರ ಅರ್ಜಿ ಅಲ್ಲೇ ನಿಲ್ಲುತ್ತೆ. ನಾನು ಟೇಬಲ್ ಮೇಲೆ ನೋಡುವ ತಕರಾರುಗಳಲ್ಲಿ ಇದೇ ಜಾಸ್ತಿ.

ಮೂರನೆಯದು ಹೆಸರು. ಆಧಾರ್‌ನಲ್ಲಿ ಅಪ್ಪನ ಹೆಸರು, ಮನೆತನದ ಹೆಸರು ಎಲ್ಲಾ ಸೇರಿ ಉದ್ದಕ್ಕಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಆರ್‌ಡಿಯಲ್ಲಿ ಇನ್ನೊಂದು ತರ. ಮನುಷ್ಯರಾದರೆ ಇವನೇ ಅವನು ಅಂತ ಗುರುತಿಸುತ್ತಾರೆ, ಪೋರ್ಟಲ್ ಗುರುತಿಸಲ್ಲ. ಅಂಕಪಟ್ಟಿ ಮುಂದಿಟ್ಟುಕೊಂಡು ಉಳಿದ ಎರಡನ್ನು ಅದಕ್ಕೆ ಹೊಂದಿಸಿ. ಉಲ್ಟಾ ಮಾಡಲು ಹೋಗಬೇಡಿ, ಅಂಕಪಟ್ಟಿ ತಿದ್ದಿಸುವುದು ದೊಡ್ಡ ಕೆಲಸ.

ನಾಲ್ಕನೆಯದು ಕಾಲೇಜಿನ ಕಡೆಯದು. ವಿಶ್ವವಿದ್ಯಾಲಯದ ಆನ್‌ಲೈನ್ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ಹುಡುಗನ ದಾಖಲಾತಿ ಸರಿಯಾಗಿ ಏರಬೇಕು. ದಾಖಲೆಗಳನ್ನು ಇ-ದೃಢೀಕರಣ ಮಾಡಿಸಬೇಕು. ಇವೆರಡೂ ನಮ್ಮಂಥವರ ಕೈಯಲ್ಲಿ ಇರುವ ಕೆಲಸ. ಮಾಡಿದ್ದಾರಾ ಅಂತ ಬಂದು ಕೇಳಿ, ಕೇಳುವುದು ನಿಮ್ಮ ಹಕ್ಕು.

ವಿದ್ಯಾಸಿರಿ ಬೇರೆ ತರದ್ದು. ಅದು ಊಟ, ವಸತಿಗೆ ಕೊಡುವ ಸಹಾಯ. ಬಹಳ ವರ್ಷ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ 15,000 ಅಂತ ನಡೆದುಕೊಂಡು ಬಂದಿತ್ತು, ಈಗಿನ ಮೊತ್ತ ಸುತ್ತೋಲೆಯಲ್ಲಿ ನೋಡಿ. ಊರು ಬಿಟ್ಟು ಓದುತ್ತಿರಬೇಕು, ಸರ್ಕಾರಿ ಹಾಸ್ಟೆಲ್‌ನಲ್ಲಿ ಇರಬಾರದು. ನಿಮ್ಮ ತಮ್ಮನಿಗೆ ಹಾಸ್ಟೆಲ್ ಸಿಗದೇ ಇದ್ದದ್ದು ಇಲ್ಲಿ ಉಪಯೋಗಕ್ಕೆ ಬರುತ್ತೆ. ಆದರೆ ಒಂದು ಮಾತು ನೆನಪಿಡಿ. ಅರ್ಹರು ಅಂದ ಮಾತ್ರಕ್ಕೆ ಎಲ್ಲರಿಗೂ ವಿದ್ಯಾಸಿರಿ ಸಿಗಲ್ಲ. ಸಂಖ್ಯೆ ಸೀಮಿತ, ಆಯ್ಕೆ ಇರುತ್ತೆ. ಅರ್ಹತೆ ಬೇರೆ, ಆಯ್ಕೆ ಬೇರೆ. ನಿಮ್ಮ ಓಣಿಯ ಹುಡುಗಿಗೆ ನಿಜವಾಗಿ ಆಗಿದ್ದು ತಿರಸ್ಕಾರವೋ ಇಲ್ಲಾ ಆಯ್ಕೆಯಾಗದೇ ಇದ್ದದ್ದೋ ಅಂತ ಸ್ಟೇಟಸ್‌ನಲ್ಲಿ ನೋಡಿ. ಎರಡಕ್ಕೂ ಮುಂದಿನ ದಾರಿ ಬೇರೆ.

ಹೊಲದ ಬದು:
ರೈತ ವಿದ್ಯಾನಿಧಿ ಬಗ್ಗೆ ನಾನು ಹೇಳುತ್ತೇನೆ, ಯಾಕಂದ್ರೆ ನಿಮ್ಮ ಉತಾರದ ಕಥೆ ನಮ್ಮ ಮನೆಯ ಕಥೆಯೇ.

ಈ ಯೋಜನೆ 2021ರಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆದ ದಿನವೇ ಘೋಷಣೆ ಆಗಿದ್ದು. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಪಿಯುಸಿ, ಐಟಿಐ, ಡಿಪ್ಲೊಮಾಗೆ 2,500 ಮತ್ತು 3,000. ಕಾನೂನು, ನರ್ಸಿಂಗ್, ಬಿ.ಫಾರ್ಮಾಗೆ 7,500 ಮತ್ತು 8,000. ಎಂಬಿಬಿಎಸ್, ಇಂಜಿನಿಯರಿಂಗ್, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಇದರ ಒಳ್ಳೇ ಗುಣ ಏನಂದ್ರೆ, ಜಾತಿ ಆಧಾರದ ವಿದ್ಯಾರ್ಥಿವೇತನ ಬಂದರೂ ಇದು ಬೇರೆಯಾಗಿ ಸಿಗುವ ಹಾಗೆ ಮಾಡಿದ್ದರು.

ತೊಂದರೆ ಇರುವುದು ರೈತ ಯಾರು ಅನ್ನುವ ಕಡೆ. ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಅಪ್ಪ ಅಥವಾ ಅವ್ವನ ಹೆಸರಿನಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇರಬೇಕು, ಅದಕ್ಕೆ ಅವರ ಸರ್ವೇ ನಂಬರ್ ಸೇರಿರಬೇಕು. ಉಳುಮೆ ಮಾಡುವುದು ಅಪ್ಪ, ಸಾಲ ತೀರಿಸುವುದು ಅಪ್ಪ, ಉತಾರದ 9ನೇ ಕಾಲಂನಲ್ಲಿ ಇರುವುದು ತೀರಿಹೋದ ಅಜ್ಜನ ಹೆಸರು. ದಾಖಲೆ ಪ್ರಕಾರ ಅಪ್ಪನಿಗೆ ಹೊಲವೇ ಇಲ್ಲ. ಉತ್ತರ ಕರ್ನಾಟಕದಲ್ಲಿ ಇಂಥ ಮನೆಗಳು ಎಷ್ಟಿವೆ ಅಂತ ಯಾವ ಹಳ್ಳಿಗೆ ಹೋದರೂ ಕಾಣುತ್ತೆ. ಅಣ್ಣತಮ್ಮಂದಿರು ಬಾಯಿ ಮಾತಿನಲ್ಲಿ ಹಂಚಿಕೊಂಡು ಉಳುತ್ತಾ ಇರುತ್ತಾರೆ, ಕಾಗದ ಮಾಡಿಸಿರಲ್ಲ.

ಅಕ್ಕಾ, ನಿಮ್ಮ ಅಜ್ಜ ತೀರಿಕೊಂಡಿದ್ದಾರೆ ಅಂದ್ರಿ. ಹಾಗಾದರೆ ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕಾಗುತ್ತೆ. ಕಂದಾಯ ಇಲಾಖೆ ಇ-ಪೌತಿ ಆಂದೋಲನ ಅಂತ ಶುರು ಮಾಡಿದೆ. ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯರ ಹೆಸರೂ ಜಂಟಿಯಾಗಿ ಬರುತ್ತೆ, ಅದಕ್ಕೆ ಹೆದರಬೇಡಿ. ಜಂಟಿ ಆದರೂ ಅಪ್ಪನ ಹೆಸರು ದಾಖಲೆಗೆ ಬಂತಲ್ಲ, ಎಫ್‌ಐಡಿಗೆ ದಾರಿ ಆಯ್ತು. ಬೆಳೆ ವಿಮೆ, ಬೆಳೆ ಪರಿಹಾರ ಎಲ್ಲಕ್ಕೂ ಅದೇ ಬೇಕು. ಬರೀ 5,000ಕ್ಕಾಗಿ ಇಷ್ಟು ಓಡಾಟನಾ ಅಂತ ಅನ್ನಿಸಬಾರದು.

ಅಜ್ಜ ಬದುಕಿದ್ದಾರೆ ಅನ್ನುವವರ ಕಥೆ ಕಷ್ಟ. ವಿಭಾಗಪತ್ರ ಆಗಬೇಕು, ಮನೆಯಲ್ಲಿ ಮಾತು ಬರುತ್ತೆ. ಸ್ಕಾಲರ್‌ಶಿಪ್ ಒಂದಕ್ಕೇ ಆ ಹೆಜ್ಜೆ ಇಡಿ ಅಂತ ನಾನು ಹೇಳಲ್ಲ.

ವರದಾತೀರ:
ಅಣ್ಣಾ, ಪೌತಿ ಆಗುವವರೆಗೆ ಅವ್ವನ ಕೂಲಿ ಲೆಕ್ಕದಲ್ಲಿ ಏನಾದರೂ ಆಗುತ್ತಾ?

ಹೊಲದ ಬದು:
2022ರಲ್ಲಿ ಈ ಯೋಜನೆಯನ್ನು ಭೂಮಿ ಇಲ್ಲದ ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು, ಆಟೋ ಮತ್ತು ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿಸ್ತರಿಸಿದ್ದರು. ಕೃಷಿ ಕಾರ್ಮಿಕರು ಅನ್ನುವುದಕ್ಕೂ ದಾಖಲೆ ಕೇಳುತ್ತಾರೆ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ನಿಮಗೆ ಹೊಲ ಇರುವುದರಿಂದ ಪೌತಿಯ ದಾರಿಯೇ ನೇರ.

ಬಯಲುಸೀಮೆ:
ಎಲ್ಲರೂ ನಿಯಮ ಹೇಳುತ್ತಿದ್ದೀರಿ, ಒಳ್ಳೆಯದೇ. ಆದರೆ ಆ ಮಿತಿ ನ್ಯಾಯವಾಗಿದೆಯಾ ಅಂತ ಯಾರೂ ಕೇಳುತ್ತಿಲ್ಲ.

1 ಲಕ್ಷ ಅಂದರೆ ಏನು ಅಂತ ಲೆಕ್ಕ ಹಾಕಿ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025-26ಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಒಬ್ಬರು ಅದೇ ಕೂಲಿಗೆ ವರ್ಷದಲ್ಲಿ 270 ದಿನ ದುಡಿದರೆ 99,900. ಅಲ್ಲಿಗೆ ಮುಗಿಯಿತು. ಗಂಡ ಹೆಂಡತಿ ಇಬ್ಬರೂ ಬಿಡದೆ ಕೂಲಿಗೆ ಹೋದ ಮನೆ ಈ ಮಿತಿ ದಾಟುತ್ತೆ. ಅಂದರೆ ಸರ್ಕಾರವೇ ಗೊತ್ತು ಮಾಡಿದ ಕೂಲಿಯನ್ನು ಪೂರ್ತಿ ಪಡೆದ ಮನೆಯನ್ನು ಸರ್ಕಾರದ್ದೇ ವಿದ್ಯಾರ್ಥಿವೇತನ ಹೊರಗೆ ಹಾಕುತ್ತೆ!

ಪರಿಶಿಷ್ಟ ಜಾತಿಯವರಿಗೆ ಎಸ್‌ಎಸ್‌ಎಲ್‌ಸಿ ಆದ ಮೇಲಿನ ಓದಿಗೆ ಕೊಡುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆ ನೋಡಿ. 1944ರಿಂದ ಇರುವ ಯೋಜನೆ ಅದು. ಅದರ ಮಿತಿ 2.5 ಲಕ್ಷ ಆಗಿದ್ದು 2013ರಲ್ಲಿ. 2021ರಲ್ಲಿ ಹೊಸ ಮಾರ್ಗಸೂಚಿ ಬಂತು, ಕಂತು ಬದಲಾಯ್ತು, ಪಾವತಿ ಬದಲಾಯ್ತು, ಮಿತಿ ಮಾತ್ರ ಅಲ್ಲೇ ಉಳಿಯಿತು. ಅಷ್ಟರಲ್ಲಿ ಕಾಲೇಜು ಫೀ, ರೂಮಿನ ಬಾಡಿಗೆ ಎಲ್ಲಿಗೆ ಹೋಯ್ತು ಅಂತ ನಿಮಗೇ ಗೊತ್ತು. ಅದೇ ಆರ್ಥಿಕವಾಗಿ ದುರ್ಬಲ ವರ್ಗ ಅನ್ನುವುದಕ್ಕೆ ಮಿತಿ 8 ಲಕ್ಷ. ಒಬ್ಬರ ಬಡತನಕ್ಕೆ ಒಂದು ಅಳತೆ, ಇನ್ನೊಬ್ಬರಿಗೆ ಇನ್ನೊಂದು. ಇದನ್ನು ಕೇಳಬೇಕಾ ಬೇಡವಾ?

ಇನ್ನೊಂದು. 2,49,000 ಆದಾಯದ ಮನೆಗೆ ಪೂರ್ತಿ ಸಿಗುತ್ತೆ, 2,51,000 ಆದವರಿಗೆ ಸೊನ್ನೆ. ಎರಡು ಸಾವಿರದ ವ್ಯತ್ಯಾಸಕ್ಕೆ ಹುಡುಗಿಯೊಬ್ಬಳು ಓದು ಬಿಡಬೇಕಾ? ಮೆಟ್ಟಿಲು ಮೆಟ್ಟಿಲಾಗಿ ಕಡಿಮೆ ಮಾಡುತ್ತಾ ಹೋದರೆ ಆಗಲ್ವಾ?

ಊರ ಪಡಸಾಲೆ:
ಅಣ್ಣ, ಅದಕ್ಕೇ ಎಲ್ಲರೂ ಕಡಿಮೆ ಬರೆಸುತ್ತಾರೆ. ನಮ್ಮೂರಲ್ಲಿ ಟ್ರ್ಯಾಕ್ಟರ್ ಇಟ್ಟವರಿಗೂ ಪ್ರಮಾಣಪತ್ರದಲ್ಲಿ ಕಡಿಮೆ ಆದಾಯವೇ ಇದೆ. ನೀವೂ ಹಾಗೇ ಮಾಡಿಸಿ, ತಲೆ ಕೆಡಿಸಿಕೊಳ್ಳಬೇಡಿ.

ಹಳೇ ಮೇಷ್ಟ್ರು:
ಹಾಗೆ ಹೇಳಬೇಡಪ್ಪ. ನಾನು ಹಳ್ಳಿ ಪಿಯು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಟ್ರ್ಯಾಕ್ಟರ್ ಇಟ್ಟವರು ಸುಳ್ಳು ಬರೆಸುವುದು ನಿಜ. ಅದರ ಪೆಟ್ಟು ಯಾರಿಗೆ ಬೀಳುತ್ತೆ ನೋಡು. ವಿದ್ಯಾಸಿರಿಯಂಥ ಯೋಜನೆಯಲ್ಲಿ ಸಂಖ್ಯೆ ಸೀಮಿತ ಅಂತ ಮೇಲೆ ಬರೆದಿದ್ದಾರೆ. ಅವನಿಗೆ ಹೋದದ್ದು ಕೂಲಿಯವನ ಮಗನ ಪಾಲು. ಅದೂ ಅಲ್ಲದೆ ಸುಳ್ಳು ಅಂತ ಗೊತ್ತಾದರೆ ಹಣ ವಾಪಸ್ ಕಟ್ಟಬೇಕು, ಹುಡುಗನ ಓದಿಗೂ ತೊಂದರೆ.

ನನ್ನ ಅನುಭವದಲ್ಲಿ ಇನ್ನೊಂದು ಬಗೆಯ ಅನ್ಯಾಯವೂ ಇದೆ. ಅದರ ಬಗ್ಗೆ ಯಾರೂ ಮಾತಾಡಲ್ಲ. ನಿಜವಾಗಿ ಬಡವರಾದವರಿಗೆ ಜಾಸ್ತಿ ಆದಾಯ ಬರೆದುಬಿಡುತ್ತಾರೆ. ನನ್ನ ಒಬ್ಬ ವಿದ್ಯಾರ್ಥಿನಿ, ತಾಯಿ ಒಬ್ಬರೇ, ಬೀಡಿ ಕಟ್ಟುತ್ತಿದ್ದರು. ಪ್ರಮಾಣಪತ್ರದಲ್ಲಿ ಮಿತಿ ಮೀರಿದ ಆದಾಯ. ಯಾಕಂದ್ರೆ ಅರ್ಜಿ ತುಂಬಿದವರು ಜೊತೆಗಿದ್ದ ಚಿಕ್ಕಪ್ಪನ ಸಂಬಳವನ್ನೂ ಸೇರಿಸಿದ್ದರು. ಆ ತಾಯಿಗೆ ಓದು ಬರುತ್ತಿರಲಿಲ್ಲ. ಕಾಗದ ಕೈಗೆ ಬಂದಾಗ ಮಡಿಚಿ ಸೀರೆ ಸೆರಗಿಗೆ ಕಟ್ಟಿಕೊಂಡು ಬಂದು ಮಗಳಿಗೆ ಕೊಟ್ಟರು. ಮಗಳು ಜಾತಿ ಸರಿಯಿದೆಯಾ ಅಂತ ಮಾತ್ರ ನೋಡಿದಳು. ಅರ್ಜಿ ತಿರಸ್ಕಾರ ಆದ ಮೇಲೆಯೇ ಆ ಅಂಕಿಯ ಕಡೆ ಕಣ್ಣು ಹೋಗಿದ್ದು. ಆಮೇಲೆ ಹೊಸದಾಗಿ ಅರ್ಜಿ ಕೊಟ್ಟು ಸರಿ ಮಾಡಿಸಿದೆವು. ಆ ವರ್ಷದ ಹಣ ಮಾತ್ರ ಹೋಯಿತು.

ಹಾಗಾಗಿ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ಹೆಸರು, ತಂದೆ ತಾಯಿ ಹೆಸರು, ಪ್ರವರ್ಗ, ಆದಾಯ. ಯಾರ ಆದಾಯ ಸೇರಿಸಿದ್ದಾರೆ ಅಂತ ಕೇಳಿ. ಕಡಿಮೆ ಬರೆಸಲು ಓಡಾಡುವುದು ಬೇಡ, ಸರಿಯಾಗಿ ಬರೆಸಲು ಓಡಾಡಿ.

ಊರ ಪಡಸಾಲೆ:
ಮೇಷ್ಟ್ರೇ, ಒಪ್ಪಿದೆ. ಆದರೆ ಮಿತಿ ಸರಿ ಆಗುವವರೆಗೆ ಜನ ಇದನ್ನು ಬಿಡಲ್ಲ.

ಬಯಲುಸೀಮೆ:
ಅದಕ್ಕೇ ಮಿತಿ ಬದಲಾಗಬೇಕು ಅಂತ ನಾನು ಹೇಳುತ್ತಿರುವುದು. ಈ ಕಡಿಮೆ ಮಿತಿ ಪ್ರಾಮಾಣಿಕವಾಗಿ ಬರೆಸಿದವನಿಗೇ ದಂಡ ಹಾಕುತ್ತೆ.

ಕಾವೇರಿ ಸೇತುವೆ:
ನಾನು ಎಸ್‌ಸಿ ವಿದ್ಯಾರ್ಥಿ, ಇಂಜಿನಿಯರಿಂಗ್ ಮೂರನೇ ವರ್ಷ. ಮೆಟ್ರಿಕ್ ನಂತರದ ಯೋಜನೆಯ 2021ರ ಹೊಸ ಪದ್ಧತಿ ಬಗ್ಗೆ ಬರೆಯುತ್ತೇನೆ, ಇದು ಗೊತ್ತಿಲ್ಲದೆ ನಮ್ಮ ಬ್ಯಾಚಿನಲ್ಲಿ ಸುಮಾರು ಜನ ಪೇಚಾಡಿದ್ದಾರೆ.

ಈಗ ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40 ಪಾಲು. ಮೊದಲು ರಾಜ್ಯದ 40 ಬರಬೇಕು, ಆಮೇಲೆ ಕೇಂದ್ರದ 60 ನೇರ ವಿದ್ಯಾರ್ಥಿ ಖಾತೆಗೆ. ಆ ದುಡ್ಡಿನಲ್ಲಿ ಎರಡು ಭಾಗ ಇರುತ್ತೆ. ಒಂದು ನಿಮ್ಮ ಕೈಖರ್ಚಿನ ಭತ್ಯೆ. ವೃತ್ತಿಪರ ಪದವಿ ಇರುವ ಮೊದಲ ಗುಂಪಿಗೆ ಹಾಸ್ಟೆಲ್‌ನಲ್ಲಿ ಇದ್ದರೆ ವರ್ಷಕ್ಕೆ 13,500, ಮನೆಯಿಂದ ಓಡಾಡಿದರೆ 7,000. ಮೂರನೇ ಗುಂಪಿನ ಸಾಮಾನ್ಯ ಪದವಿಗೆ 6,000 ಮತ್ತು 3,000. ಇನ್ನೊಂದು ಭಾಗ ಕಾಲೇಜಿನ ಫೀ. ಅದು ನಿಮ್ಮ ಖಾತೆಗೆ ಬಂದರೂ ನಿಮ್ಮದಲ್ಲ, ಕಾಲೇಜಿಗೆ ಕಟ್ಟಬೇಕು. ಮನೆಯಲ್ಲಿ ಕಷ್ಟ ಇದ್ದಾಗ ಖಾತೆಗೆ ಬಂದ ದೊಡ್ಡ ಮೊತ್ತ ಆಸ್ಪತ್ರೆಗೋ ಬಡ್ಡಿಗೋ ಹೋಗಿಬಿಡುತ್ತೆ. ಆಮೇಲೆ ಕಾಲೇಜು ಬಾಕಿ ಅಂತ ಹಾಲ್ ಟಿಕೆಟ್ ಹಿಡಿದರೆ ಉತ್ತರ ಇರಲ್ಲ. ಮೆಸೇಜ್ ಬಂದ ದಿನವೇ ಎಷ್ಟು ಫೀ, ಎಷ್ಟು ಭತ್ಯೆ ಅಂತ ಸಮಾಜ ಕಲ್ಯಾಣ ಇಲಾಖೆ ಕಚೇರಿಯಲ್ಲಿ ಕೇಳಿ ಬೇರೆ ಮಾಡಿ ಇಡಿ.

ಹಣ ತಡವಾಗಿ ಬಂದಾಗ ಕಾಲೇಜಿನವರು ಪೂರ್ತಿ ಫೀ ಈಗಲೇ ಕಟ್ಟು ಅಂತ ಕೂರುತ್ತಾರೆ. ನಮ್ಮ ಕಾಲೇಜಿನಲ್ಲೂ ಆಯ್ತು. ಬಾಯಿ ಮಾತಿನಲ್ಲಿ ವಾದ ಮಾಡಿದರೆ ಏನೂ ಆಗಲ್ಲ. ಅರ್ಜಿ ಮಂಜೂರಾದ ಸ್ಟೇಟಸ್ ಪ್ರಿಂಟ್ ತೆಗೆದು, ಪ್ರಾಂಶುಪಾಲರಿಗೆ ಲಿಖಿತವಾಗಿ ಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅದರ ಒಂದು ಪ್ರತಿ ಜಿಲ್ಲಾ ಕಚೇರಿಗೆ. ನಮಗೆ ಪರೀಕ್ಷೆಗೆ ಬಿಟ್ಟಿದ್ದು ಆ ಕಾಗದದಿಂದಲೇ.

ಇನ್ನೊಂದು ಮುಖ್ಯ. ಮ್ಯಾನೇಜ್‌ಮೆಂಟ್ ಕೋಟಾ ಸೀಟು ತೆಗೆದುಕೊಂಡರೆ ಈ ಯೋಜನೆ ಇಲ್ಲ. ಸಿಇಟಿ ಮೂಲಕ ಬಂದ ಸೀಟು ಬೇಕು. "ಸೇರಿಕೊಳ್ಳಿ, ಸ್ಕಾಲರ್‌ಶಿಪ್ ನಾವು ಮಾಡಿಸುತ್ತೇವೆ" ಅಂತ ಹೇಳುವ ಏಜೆಂಟರ ಮಾತು ನಂಬಿ ಸೀಟು ಹಿಡಿಯಬೇಡಿ. ಇದನ್ನು ದಯವಿಟ್ಟು ಪಿಯುಸಿ ಮುಗಿಸಿದ ತಮ್ಮ ತಂಗಿಯರಿಗೆ ಹೇಳಿ.

ಸೆಕ್ಷನ್ ಟೇಬಲ್:
ಕಾವೇರಿ ಸೇತುವೆ ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ಸೇರಿಸುತ್ತೇನೆ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಕೋರ್ಸ್ ಮುಗಿಸಿದರೆ ಪ್ರೈಜ್ ಮನಿ ಬೇರೆ ಇದೆ. ಪಿಯುಸಿ, ಡಿಪ್ಲೊಮಾಗೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ಇಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಪಶುವೈದ್ಯಕೀಯಕ್ಕೆ 35,000. ಇದಕ್ಕೆ ಬೇರೆ ಅರ್ಜಿ ಹಾಕಬೇಕು. ಎಸ್‌ಎಸ್‌ಪಿಯಲ್ಲಿ ಹಾಕಿದ್ದೀನಲ್ಲ ಅಂತ ಕೂತವರಿಗೆ ಇದು ತಪ್ಪಿಹೋಗುತ್ತೆ.

ಎರಡನೇ ಎಂ.ಎ.:
ಸರ್, ನಾನು ಕನ್ನಡ ಎಂ.ಎ. ಮುಗಿಸಿದ್ದೀನಿ. ಈಗ ಇತಿಹಾಸ ಎಂ.ಎ. ಸೇರಿದ್ದೀನಿ. ಎಸ್‌ಸಿ, ಆದಾಯ ಮಿತಿಯೊಳಗೇ ಇದೆ. ಆದರೂ ಅರ್ಹತೆ ಇಲ್ಲ ಅಂತ ಬಂತು. ಯಾಕೆ?

ಸೆಕ್ಷನ್ ಟೇಬಲ್:
ಒಂದೇ ಹಂತದ ಓದು ಎರಡನೇ ಸಲ ಅಂತ. ಬಿ.ಎ. ಆದ ಮೇಲೆ ಬಿ.ಕಾಂ., ಒಂದು ಎಂ.ಎ. ಆದ ಮೇಲೆ ಇನ್ನೊಂದು ಎಂ.ಎ. ಅಂದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇಲ್ಲ. ಓದು ಮೇಲಿನ ಹಂತಕ್ಕೆ ಹೋಗಬೇಕು. ಇದನ್ನು ಮೇಲ್ಮನವಿಯಲ್ಲಿ ಗೆಲ್ಲುವುದು ಆಗಲ್ಲಪ್ಪ, ಸಮಯ ಕಳೆಯಬೇಡಿ. ಪಿಎಚ್.ಡಿ.ಗೆ ಪ್ರಯತ್ನ ಮಾಡುವುದಾದರೆ ಆ ಕಡೆಯ ಫೆಲೋಶಿಪ್ ನೋಡಿ.

ಅಪ್ಪ ಗಾರೆಯವರು:
ನಮ್ಮಪ್ಪನಿಗೆ ಲೇಬರ್ ಕಾರ್ಡ್ ಇದೆ. ಕಟ್ಟಡ ಕಾರ್ಮಿಕರ ಮಂಡಳಿಯದ್ದೂ ಬಿಸಿಎಂನದ್ದೂ ಎರಡೂ ಸಿಗುತ್ತಾ?

ಸೆಕ್ಷನ್ ಟೇಬಲ್:
ಅರ್ಜಿಯಲ್ಲಿ ಕಾರ್ಡಿನ ವಿವರ ಹಾಕಿ. ಒಂದೇ ಉದ್ದೇಶಕ್ಕೆ ಎರಡು ಕಡೆ ಕೊಡುವುದಾ ಇಲ್ಲವಾ ಅನ್ನುವುದನ್ನು ಆ ವರ್ಷದ ಸುತ್ತೋಲೆ ಪ್ರಕಾರ ಇಲಾಖೆಯೇ ತೀರ್ಮಾನ ಮಾಡುತ್ತೆ. ನೀವು ಮುಚ್ಚಿಡಬೇಡಿ ಅಷ್ಟೇ. ಕಾರ್ಡ್ ನವೀಕರಣ ಆಗಿದೆಯಾ ನೋಡಿ, ಅವಧಿ ಮುಗಿದ ಕಾರ್ಡಿಗೆ ಏನೂ ಸಿಗಲ್ಲ. ಮಂಡಳಿಯ ಮೊತ್ತವನ್ನು 2023ರಲ್ಲಿ ಇಳಿಸಿದ್ದಾರೆ. ಅಣ್ಣನಿಗೆ ಅಷ್ಟು ಬಂದಿತ್ತು, ನನಗೂ ಅಷ್ಟೇ ಬರುತ್ತೆ ಅಂತ ನಂಬಿ ಫೀ ಲೆಕ್ಕ ಹಾಕಬೇಡಿ.

ಹೊಸ ಬ್ಯಾಚ್:
ಸಾಮಾನ್ಯ ವರ್ಗದವರಿಗೆ ಏನೂ ಇಲ್ವಾ? ಅಪ್ಪ ದೇವಸ್ಥಾನದಲ್ಲಿ ಅರ್ಚಕರು. ಆದಾಯ ಕಡಿಮೆ.

ಕಾವೇರಿ ಸೇತುವೆ:
ಇದೆ. ಕೇಂದ್ರದ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನ ನೋಡಿ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ (ಎನ್‌ಎಸ್‌ಪಿ) ಒಳಗೆ. 12ನೇ ತರಗತಿ ಅಂಕದಲ್ಲಿ ನಿಮ್ಮ ಬೋರ್ಡಿನ ಮೇಲಿನ ಶೇ. 20ರೊಳಗೆ ಬಂದಿರಬೇಕು, ಮನೆ ಆದಾಯ ವರ್ಷಕ್ಕೆ 4.5 ಲಕ್ಷದೊಳಗೆ. ಪದವಿಗೆ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000. ಇಂಜಿನಿಯರಿಂಗ್ ಆದರೆ ಸಿಇಟಿ ಆಪ್ಷನ್ ಹಾಕುವಾಗ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟು ಬಿಡಬೇಡಿ. ಪ್ರತಿ ಕೋರ್ಸಿನಲ್ಲಿ ಶೇ. 5 ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ, ಆದಾಯ ಮಿತಿ 8 ಲಕ್ಷ. ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಶಿಷ್ಯವೇತನವೂ ಇದೆ. ಅದನ್ನೂ ನೋಡಿ.

ಮಲೆನಾಡ ಹುಡುಗಿ:
ನನ್ನ ಅಕ್ಕ ಕಾಸರಗೋಡಿನ ಕಾಲೇಜಿನಲ್ಲಿ ಓದುತ್ತಿದ್ದಾಳೆ. ನಾವು ಎಸ್‌ಟಿ. ಅವಳು ಕೇರಳದಲ್ಲಿ ಅರ್ಜಿ ಹಾಕಬೇಕಾ?

ಸೆಕ್ಷನ್ ಟೇಬಲ್:
ಇಲ್ಲಮ್ಮ. ಮೆಟ್ರಿಕ್ ನಂತರದ್ದನ್ನು ಓದುವ ರಾಜ್ಯ ಕೊಡಲ್ಲ, ನೀವು ಸೇರಿದ ರಾಜ್ಯ ಕೊಡುತ್ತೆ. ಜಾತಿ ಪ್ರಮಾಣಪತ್ರ ಕರ್ನಾಟಕದ್ದು ಅಲ್ವಾ, ಅರ್ಜಿ ಇಲ್ಲೇ. ಕಾಲೇಜಿನ ಕಡೆಯ ದೃಢೀಕರಣಕ್ಕೆ ಜಾಸ್ತಿ ಸಮಯ ಹಿಡಿಯುತ್ತೆ, ಕೊನೇ ವಾರಕ್ಕೆ ಬಿಡಬೇಡಿ.

ವರದಾತೀರ:
ಎಲ್ಲರಿಗೂ ಧನ್ಯವಾದ. ನೀವು ಹೇಳಿದ ಹಾಗೆ ಒಂದೊಂದೇ ನೋಡುತ್ತಾ ಬಂದೆ. ತಮ್ಮನ ಆರ್‌ಡಿ ಅವನು ಎಂಟನೇ ಕ್ಲಾಸಿನಲ್ಲಿ ಇದ್ದಾಗ ಮಾಡಿಸಿದ್ದು, ಅವಧಿ ಮುಗಿದಿದೆ. ಹೊಸದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇವೆ. ಆಧಾರ್‌ನಲ್ಲಿ ಅಡ್ಡಹೆಸರು ಇದೆ, ಅಂಕಪಟ್ಟಿಯಲ್ಲಿ ಇಲ್ಲ. ಪೌತಿಗೆ ಅಪ್ಪ ಒಪ್ಪಿದ್ದಾರೆ, ಚಿಕ್ಕಪ್ಪನನ್ನೂ ಕರೆದುಕೊಂಡು ಹೋಗುತ್ತಾರಂತೆ.

ಓಣಿಯ ಹುಡುಗಿಯ ಸ್ಟೇಟಸ್ ಕೂಡ ತೆಗೆದು ನೋಡಿದೆ. ರಿಜೆಕ್ಟ್ ಆಗಿಯೇ ಇಲ್ಲ! ಹಣ ಮಂಜೂರಾಗಿದೆ, ಪಾವತಿ ವಿಫಲ ಅಂತ ತೋರಿಸುತ್ತಿದೆ. ಇದಕ್ಕೆ ಏನು ಮಾಡಬೇಕು? ಬ್ಯಾಂಕಿನವರು "ಆಧಾರ್ ಲಿಂಕ್ ಆಗಿದೆ" ಅನ್ನುತ್ತಿದ್ದಾರೆ.

ಸೆಕ್ಷನ್ ಟೇಬಲ್:
ಇದು ಒಳ್ಳೇ ಸುದ್ದಿ, ಹಣ ಎಲ್ಲೂ ಹೋಗಿಲ್ಲ. ಆಧಾರ್ ಲಿಂಕ್ ಅಂದರೆ ಬ್ಯಾಂಕಿನವರು ಕೆವೈಸಿಗೆ ನಂಬರ್ ತೆಗೆದುಕೊಂಡಿದ್ದಾರೆ ಅಂತ ಅಷ್ಟೇ. ಸರ್ಕಾರದ ಹಣ ಬರಬೇಕಾದರೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್ ಆಗಬೇಕು, ಅಂದರೆ ಆಧಾರ್ ನಂಬರಿಗೆ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅಂತ ಅಲ್ಲಿ ದಾಖಲಾಗಬೇಕು, ಅದನ್ನೇ ಸೀಡಿಂಗ್ ಅನ್ನುವುದು. ಇವೆರಡೂ ಬೇರೆ. ಮೈಆಧಾರ್ ವೆಬ್‌ಸೈಟಿನಲ್ಲಿ ಒಟಿಪಿ ಹಾಕಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ. ಯಾವ ಬ್ಯಾಂಕಿನ ಹೆಸರು ಅಲ್ಲಿ ಬರುತ್ತೋ ಹಣ ಅಲ್ಲಿಗೇ ಹೋಗುವುದು, ಅರ್ಜಿಯಲ್ಲಿ ಯಾವ ಖಾತೆ ಬರೆದಿದ್ದರೂ ಅಷ್ಟೇ. ಏನೂ ಬರದೇ ಇದ್ದರೆ ಅಥವಾ ನಿಷ್ಕ್ರಿಯ ಅಂತ ಬಂದರೆ, ಬ್ಯಾಂಕಿಗೆ ಹೋಗಿ "ಡಿಬಿಟಿಗೆ (ನೇರ ನಗದು ವರ್ಗಾವಣೆಗೆ) ಎನ್‌ಪಿಸಿಐ ಸೀಡಿಂಗ್ ಮಾಡಿ" ಅಂತ ಬರೆದುಕೊಡಿ. ಬ್ಯಾಂಕ್ ದೂರ ಇದ್ದರೆ ಅಂಚೆ ಕಚೇರಿಯಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಅದಕ್ಕೇ ಸೀಡಿಂಗ್ ಮಾಡಿಸಬಹುದು.

ಆದ ಮೇಲೆ ಆ ಹುಡುಗಿ ಬಿಸಿಎಂ ತಾಲ್ಲೂಕು ಕಚೇರಿಗೆ ಎಸ್‌ಎಸ್‌ಪಿ ಐಡಿ ಬರೆದು, ಸೀಡಿಂಗ್ ಸ್ಟೇಟಸ್ ಪ್ರಿಂಟ್ ಇಟ್ಟು, ಮರುಪಾವತಿಗೆ ಅರ್ಜಿ ಕೊಡಲಿ. ಮೊಬೈಲಿನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡರೆ ಹಣ ಯಾವಾಗ ಯಾವ ಖಾತೆಗೆ ಬಿತ್ತು ಅಂತ ಕಾಣುತ್ತೆ. ಮತ್ತೆ ಈ ವರ್ಷದ ಅರ್ಜಿ ಹಾಕಿದ್ದಾಳಾ ಕೇಳಿ. ರಿಜೆಕ್ಟ್ ಆಯ್ತು ಅಂದುಕೊಂಡವರು ಮುಂದಿನ ವರ್ಷ ಹಾಕುವುದನ್ನೇ ಬಿಟ್ಟುಬಿಡುತ್ತಾರೆ. ಪ್ರತಿ ವರ್ಷ ಹೊಸದಾಗಿ ಹಾಕಲೇಬೇಕು.

ವರದಾತೀರ:
ಹಾಕಿಲ್ಲವಂತೆ, ಈಗಲೇ ಕೇಳಿದೆ. ಕೊನೇ ದಿನಾಂಕ ಇನ್ನೂ ಇದೆ. ನಾಳೆ ತಮ್ಮನ ಜೊತೆಗೇ ಅವಳದ್ದನ್ನೂ ನಾನೇ ಕೂತು ತುಂಬಿಸುತ್ತೇನೆ, ಬ್ಯಾಂಕಿಗೂ ಒಟ್ಟಿಗೇ ಹೋಗುತ್ತೇವೆ.